ಹಸ್ತೆ ಮಳೆಯಿಂದ ವಿಶಾಖದವರೆಗೆ: ಕಾದಂಬರಿ ಹಿಡಿದು ಹೊರಟಿದ್ದು

ದಪ್ಪ ಕಾದಂಬರಿ ಓದಲು ಯಾವ ಕಾಲ ಒಳ್ಳೆಯದು ಅಂತ ಕೇಳಿದರೆ ಹೆಚ್ಚಿನವರು ಮಳೆಗಾಲ ಅನ್ನುತ್ತಾರೆ. ಹೊರಗೆ ಜಡಿಮಳೆ, ಒಳಗೆ ಬಿಸಿ ಕಾಫಿ, ಕೈಯಲ್ಲಿ ಪುಸ್ತಕ. ಶಿವಮೊಗ್ಗದಲ್ಲಿದ್ದು ನಾನಿದನ್ನು ಒಪ್ಪಲಾರೆ. ಆಷಾಢದಲ್ಲಿ ಇಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು, ಹಾಕಿದ ದೀಪ ಉಳಿಯುತ್ತದೆಂಬ ಭರವಸೆಯಿಲ್ಲ, ಪುಸ್ತಕದ ರಟ್ಟಿಗೆ ಬೂಸಲು ಬೇರೆ. ಓದಿ ತಲೆಯೆತ್ತಿದರೆ ಹೊರಗೆ ಹೋಗುವ ಹಾಗೂ ಇಲ್ಲ. ನನ್ನ ಓದಿನ ಕಾಲ ಶುರುವಾಗುವುದು ಹಸ್ತೆ ಮಳೆ ಹಿಡಿದ ಮೇಲೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ. ಆಮೇಲೆ ಚಿತ್ತೆ, ಸ್ವಾತಿ, ವಿಶಾಖ. ಆಶ್ವಯುಜ, ಕಾರ್ತಿಕದ ಈ ದಿನಗಳಲ್ಲಿ ಕೆರೆ ತುಂಬಿರುತ್ತದೆ, ಗುಡ್ಡ ಇನ್ನೂ ಹಸಿರಾಗಿರುತ್ತದೆ, ಬೆಳಗಿನ ಬೆಳಕು ತೊಳೆದಿಟ್ಟ ಹಾಗಿರುತ್ತದೆ. ಸಂಜೆಯ ಮಳೆ ಬಂದರೂ ಒಂದು ತಾಸು ಹೊಡೆದು ಹೋಗುತ್ತದೆ.

ಓದುವುದು ಬೇರೆ, ತಿರುಗುವುದು ಬೇರೆ ಅಂತ ಇಟ್ಟುಕೊಂಡಿದ್ದವಳು ಈ ಸಲ ಎರಡನ್ನೂ ಜೋಡಿಸಿದೆ. ಒಂದು ಕಾದಂಬರಿ, ಅದು ನಡೆಯುವ ಸೀಮೆ, ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುವಂಥ ದೂರ. ನಾನೇ ಹಾಕಿಕೊಂಡ ಕಟ್ಟಳೆ ಒಂದೇ: ಪುಸ್ತಕ ಅರ್ಧ ಓದಿದಾಗ ಹೊರಡಬೇಕು. ಮುಗಿಸಿ ಹೋದರೆ ತಾಳೆ ನೋಡುವ ಕೆಲಸವಾಗುತ್ತದೆ. ಇದೇನಾ ಆ ಮನೆ, ಇದೇನಾ ಆ ಹಳ್ಳ ಅಂತ ಹುಡುಕಿ, ಸಿಗದೆ, ಸಪ್ಪೆ ಮೋರೆ ಹಾಕಿಕೊಂಡು ಬರುತ್ತೇವೆ. ಓದದೆ ಹೋದರೆ ಅದು ಬರೀ ಪ್ರವಾಸ. ನಡುವೆ ಹೋಗಿಬಂದರೆ ಉಳಿದ ಪುಟಗಳು ಕಾಲಿಗೆ ಗೊತ್ತಿರುವ ನೆಲದ ಮೇಲೆ ನಡೆಯುತ್ತವೆ.

ಮೊದಲು ಹಿಡಿದದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ ಬಂದದ್ದು, ಏಳುನೂರು ಪುಟದ ಆಸುಪಾಸು. ಬಹಳ ಜನ ಇದನ್ನು ನೂರನೇ ಪುಟದ ಒಳಗೇ ಕೈಬಿಡುತ್ತಾರೆ, ಕಾರಣ ಹೆಸರುಗಳು. ಹಳೆಮನೆ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು, ಸಿಂಬಾವಿ, ಕಲ್ಲೂರು. ಪ್ರತಿ ಮನೆಗೂ ಒಡೆಯರು, ಅವರ ಮಕ್ಕಳು, ಆಳುಗಳು, ನಾಯಿಗಳು. ನಾನು ಅಂಚೆಕಾರ್ಡಿನಷ್ಟು ದೊಡ್ಡ ರಟ್ಟಿನ ಚೂರಿನ ಮೇಲೆ ಮನೆಗಳನ್ನು ಚುಕ್ಕಿ ಇಟ್ಟು ಬರೆದುಕೊಂಡೆ. ಯಾರು ಯಾವ ಮನೆಯಿಂದ ಯಾವ ಮನೆಗೆ ಹೊರಟರೋ ಅಲ್ಲಿಗೆ ಒಂದು ಗೆರೆ. ಪುಟದ ಗುರುತಿಗೂ ಅದೇ ಚೂರು. ಇನ್ನೂರು ಪುಟದ ಹೊತ್ತಿಗೆ ಅದು ಗೆರೆಗಳ ಗೋಜಲಾಗಿತ್ತು. ಆದರೆ ಆ ಗೋಜಲು ನೋಡಿಯೇ ಒಂದು ಸಂಗತಿ ಹೊಳೆಯಿತು: ಈ ಕಾದಂಬರಿಯಲ್ಲಿ ಎಲ್ಲರೂ ನಡೆಯುತ್ತಲೇ ಇರುತ್ತಾರೆ. ಗುತ್ತಿ ಮತ್ತು ಅವನ ನಾಯಿ ಹುಲಿಯ ನಡೆದಷ್ಟು ನಮ್ಮ ಸಾಹಿತ್ಯದಲ್ಲಿ ಇನ್ಯಾರೂ ನಡೆದಿರಲಿಕ್ಕಿಲ್ಲ. ಕಥೆಯ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ. ಒಂದು ಸುದ್ದಿ ಮುಟ್ಟಿಸಬೇಕಾದರೆ ಕಾಡು ಹಾಯಬೇಕು.

ಹಾಗಾಗಿ ಕುವೆಂಪು ಅವರ ಊರು ಕುಪ್ಪಳಿಗೆ ಕಾರು ಬೇಡ ಅಂದುಕೊಂಡೆ. ಶಿವಮೊಗ್ಗದಿಂದ ತೀರ್ಥಹಳ್ಳಿ ಅರವತ್ತು ಕಿಲೋಮೀಟರಿಗೆ ತುಸು ಮೇಲೆ. ಈ ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು, ಶಕ್ತಿ ಯೋಜನೆಯ ಉಚಿತ ಟಿಕೆಟ್ಟಿನ ಆಸೆ ಇಟ್ಟುಕೊಂಡು ಕಾದರೆ ಬಿಸಿಲೇರುತ್ತದೆ. ಎಡಗಡೆ ಕಿಟಕಿಯೋ ಬಲಗಡೆಯೋ ಅಂತ ಲೆಕ್ಕ ಹಾಕದೆ ಸಿಕ್ಕಿದ ಕಡೆ ಕೂತರಾಯಿತು. ತುಂಗೆ ಹೇಗೂ ಆಗಾಗ ಕಾಣಿಸಿಕೊಳ್ಳುತ್ತಾಳೆ. ತೀರ್ಥಹಳ್ಳಿಯಲ್ಲಿ ಇಳಿದು ಮೊದಲು ಹೋದದ್ದು ಕಮಾನು ಸೇತುವೆಗೆ. ಕಾದಂಬರಿಯ ಕಾಲದಲ್ಲಿ ಇಲ್ಲಿ ಸೇತುವೆಯಿಲ್ಲ, ದೋಣಿಯೇ ಗತಿ. ಬೇಸಿಗೆಯಲ್ಲಾದರೆ ನೀರಿಳಿದು ಕಲ್ಲುಸಾರ, ಅಂದರೆ ಹೊಳೆಗೆ ಅಡ್ಡಲಾಗಿರುವ ಬಂಡೆಸಾಲು, ಎದ್ದು ಕಾಣುತ್ತದೆ, ಹೊಳೆ ಸಾಧುವಾಗಿರುತ್ತದೆ. ಹಸ್ತೆ ಮಳೆಯಲ್ಲಿ ಹಾಗಲ್ಲ. ನೀರಿನ ಬಣ್ಣ ತಿಳಿಯಾಗಿದ್ದರೂ ಸೆಳೆತ ಕಡಿಮೆಯಾಗಿರಲಿಲ್ಲ. ಸೇತುವೆಯ ಮೇಲಿನಿಂದ ಬಿದ್ದ ಒಂದು ಎಲೆ ಎಷ್ಟು ಬೇಗ ಕಣ್ಮರೆಯಾಯಿತೆಂದರೆ, ಕೊನೆಯ ಅಧ್ಯಾಯಗಳನ್ನು ಆಮೇಲೆ ಓದುವಾಗ ಆ ವೇಗವೇ ನನಗೆ ಅಳತೆಗೋಲಾಯಿತು. ಅಲ್ಲಿ ಏನಾಗುತ್ತದೆಂದು ಹೇಳುವುದಿಲ್ಲ, ಓದಿರದವರು ಇರುತ್ತೀರಿ.

ಕೊಪ್ಪದ ದಾರಿ ಹಿಡಿದ ಬಸ್ಸು ಗಡಿಕಲ್ಲಿನಲ್ಲಿ ಇಳಿಸುತ್ತದೆ. ಅಲ್ಲಿಂದ ಕುಪ್ಪಳಿಗೆ ನಡೆದೇ ಹೋದೆ. ಎದುರಿಗೆ ಕತ್ತಿ ಹಿಡಿದು ಬರುತ್ತಿದ್ದ ಅಜ್ಜರೊಬ್ಬರು ನಿಂತು, "ಎಂತ ಅಮ್ಮಾ, ನಡ್ಕೊಂಡೇ ಹೊರಟ್ರಾ? ಆಟೋ ಇರ್ಲಿಲ್ವಾ ಅಲ್ಲಿ?" ಅಂದರು. ಇತ್ತು ಅಂದೆ. ಮತ್ತೆಂತಕ್ಕೆ ನಡೆಯುವುದು ಅನ್ನುವ ಹಾಗೆ ನೋಡಿ, "ಅಂಚಿಗೆ ಹೋಗ್ಬೇಡಿ, ಇಂಬಳ ಉಂಟು" ಅಂತ ಹೇಳಿ ಹೋದರು. ಇಂಬಳ, ಅಂದರೆ ಕಾಡಿನ ಜಿಗಣೆ, ಇದ್ದವು. ಬಟ್ಟೆಯಲ್ಲಿ ಕಟ್ಟಿಕೊಂಡ ಉಪ್ಪಿನ ಗಂಟು ಒಂದಿದ್ದರೆ ಸಾಕು, ಹತ್ತಿದಲ್ಲಿ ಮುಟ್ಟಿಸಿದರೆ ಉದುರುತ್ತವೆ. ಕಿತ್ತು ಎಳೆಯಲು ಹೋಗಬಾರದು, ಗಾಯ ತುರಿಸುತ್ತದೆ.

ಕವಿಮನೆಯ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅದರ ಮರದ ಕಂಬ, ಅಂಗಳ, ಉಪ್ಪರಿಗೆಯನ್ನು ನಾನು ಬೇಗ ದಾಟಿದೆ. ನನಗೆ ಬೇಕಾಗಿದ್ದುದು ಕವಿಶೈಲಕ್ಕೆ ಹತ್ತುವ ಏರು. ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ಆ ಭಾರಿ ಕಲ್ಲಿನ ಕಮಾನುಗಳ ನಡುವೆ ಕುವೆಂಪು ಅವರ ಸಮಾಧಿಯಿದೆ. ಬಂದವರು ಅಲ್ಲಿ ಚಿತ್ರ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಸ್ವಲ್ಪ ಆಚೆಗೆ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಇವರೆಲ್ಲ ಬಂದಾಗ ಕೆತ್ತಿದ ಹೆಸರಿನ ಗುರುತುಗಳಿವೆ, ಅದನ್ನು ಹುಡುಕಿ ನೋಡಿ. ಅದಕ್ಕಿಂತ ಹೆಚ್ಚಾಗಿ ಬಂಡೆಯ ಮೇಲೆ ಅರ್ಧ ತಾಸು ಸುಮ್ಮನೆ ಕೂತು ಎದುರಿನ ಮಲೆಗಳ ಸಾಲನ್ನು ನೋಡಿ. ಒಂದರ ಹಿಂದೆ ಒಂದು, ಎಲ್ಲೂ ಮನೆ ಕಾಣುವುದಿಲ್ಲ, ಆದರೆ ಎಲ್ಲೋ ಒಂದು ಕಡೆ ಹೊಗೆ ಏಳುತ್ತಿರುತ್ತದೆ. ನನ್ನ ರಟ್ಟಿನ ಚೂರಿನ ಮೇಲೆ ಎರಡು ಚುಕ್ಕಿಗಳ ನಡುವೆ ಬೆರಳಗಲದ ಗೆರೆ ಎಳೆದಿದ್ದೆನಲ್ಲ, ಅದು ಇಂಥ ಒಂದು ಏರು, ಒಂದು ಇಳುಕಲು, ನಡುವೆ ಒಂದು ಹಳ್ಳ. ಕಾದಂಬರಿಯ ನಿಧಾನ ಲೇಖಕರ ಶೈಲಿಯದ್ದು ಅಂದುಕೊಂಡಿದ್ದೆ. ಅರ್ಧಕ್ಕರ್ಧ ಅದು ನೆಲದ್ದೇ.

ಪುಸ್ತಕವನ್ನು ಬೆಟ್ಟಕ್ಕೆ ಹೊರಲಿಲ್ಲ. ಆ ತೂಕಕ್ಕೆ ಬುತ್ತಿ ಒಯ್ಯಬಹುದು. ಬೇಕಾದ ಎರಡು ಪುಟಗಳ ಚಿತ್ರ ಫೋನಿನಲ್ಲಿ ತೆಗೆದುಕೊಂಡಿದ್ದೆ, ಅಷ್ಟು ಸಾಕು. ಬಂಡೆಯ ಮೇಲೆ ಕೂತು ಓದುವುದು ಫೋಟೋದಲ್ಲಿ ಚಂದ; ನಿಜವಾಗಿ ಓದಿದರೆ ಕಣ್ಣಿಗೆ ಬಿಸಿಲು, ಮನಸ್ಸಿಗೆ ಗಾಳಿ, ಒಂದು ವಾಕ್ಯವೂ ಒಳಗಿಳಿಯುವುದಿಲ್ಲ. ಓದು ಬಸ್ಸಿನಲ್ಲಿ ಮತ್ತು ಮನೆಯಲ್ಲಿ.

ದೂರದ ಪ್ರಯಾಣಗಳ ನಡುವಿನ ಭಾನುವಾರಗಳು ಹತ್ತಿರದ ಜಾಗಗಳಿಗೆ. ತುಂಗೆ, ಭದ್ರೆ ಸೇರುವ ಕೂಡಲಿ ಮನೆಯಿಂದ ಹದಿನೈದು ಕಿಲೋಮೀಟರ್. ಅಲ್ಲಿನ ಮೆಟ್ಟಿಲು ಓದಲು ಯೋಗ್ಯ, ಬೆಳಿಗ್ಗೆ ಒಂಬತ್ತರವರೆಗೆ ಮಾತ್ರ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ಅಕ್ಟೋಬರ್ ದಾಟಿದರೆ ಸಂಸಾರ ಖಾಲಿ. ಹಸ್ತೆ ಮಳೆಯಲ್ಲಿ ಹೋದರೆ ಹಾರಲು ಕಲಿಯುವ ಮರಿಗಳನ್ನು ನೋಡಬಹುದು, ಆದರೆ ಆ ಗದ್ದಲದಲ್ಲಿ ಪುಸ್ತಕ ತೆರೆಯುವುದು ಬೇಡ.

ಎರಡನೆಯ ಕಾದಂಬರಿ ಅಳತೆಯಲ್ಲಿ ಮೊದಲನೆಯದಕ್ಕೆ ತದ್ವಿರುದ್ಧ. ನಾ. ಡಿಸೋಜ ಅವರ 'ದ್ವೀಪ' ಒಂದೇ ಸಲ ಕೂತು ಮುಗಿಸುವಷ್ಟು ಚಿಕ್ಕದು. ಗಣಪಯ್ಯ, ನಾಗವೇಣಿ, ಸುತ್ತ ಏರುತ್ತಿರುವ ನೀರು. ಇಷ್ಟೇ ಅದರ ಬಂಡವಾಳ. ಗಿರೀಶ್ ಕಾಸರವಳ್ಳಿ ಇದನ್ನು 2002ರಲ್ಲಿ ಸಿನಿಮಾ ಮಾಡಿದರು, ಸಿನಿಮಾ ನೋಡಿದವರೇ ಹೆಚ್ಚು. ಡಿಸೋಜ ಸಾಗರದವರು, ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಮುಳುಗಡೆಯನ್ನು ಕಚೇರಿಯ ಕಡತದ ಕಡೆಯಿಂದಲೂ ಕಂಡಿದ್ದ ಮನುಷ್ಯ ಒಕ್ಕಲಿನ ಕಡೆ ನಿಂತು ಬರೆದದ್ದು ಇದು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗಲೇ ಮತ್ತೆ ಓದಬೇಕು ಅಂದುಕೊಂಡಿದ್ದೆ.

ಭೂಮಿ ಹುಣ್ಣಿಮೆ ಕಳೆದ ಮೇಲೆ ಹೊರಟೆ. ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚಿತ್ತು, ಹಬ್ಬದ ದಿನ ಇಟ್ಟ ಎಡೆಯ ಬಾಳೆಲೆ ಅಲ್ಲಲ್ಲಿ ಬದುವಿನ ಮೇಲೆ ಒಣಗುತ್ತಿತ್ತು. ತುಂಬಿದ ಬಸುರಿಗೆ ಸೀಮಂತ ಮಾಡುವಂತೆ ತೆನೆಗಟ್ಟುವ ಭೂಮಿಗೆ ಬಯಕೆ ಬಡಿಸುವ ಹಬ್ಬ ಅದು. ಸಾಗರದ ಕಡೆಯ ದೀವರ ಮನೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊರಡುತ್ತದೆ. ಹಾಗೆ ಉಣ್ಣಿಸಿಕೊಂಡ ಗದ್ದೆಗಳೇ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋದವು ಅನ್ನುವುದನ್ನು ನೆನೆದು ಬಸ್ಸಿನ ಕಿಟಕಿಯಾಚೆ ನೋಡುವುದೇ ಒಂದು ಓದು.

ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಈಗ ಸೇತುವೆಯಿದೆ. 2025ರ ಜುಲೈ 14ರಂದು ಉದ್ಘಾಟನೆಯಾದದ್ದು, ಉದ್ದ 2.44 ಕಿಲೋಮೀಟರ್. ಅದಕ್ಕೂ ಮೊದಲು ಲಾಂಚಿನಲ್ಲಿ ದಾಟಬೇಕಿತ್ತು. ಲಾಂಚು ತಪ್ಪಿದರೆ ಕಾಯಬೇಕು, ಸಂಜೆಯ ಕೊನೆಯದು ಹೋಯಿತೆಂದರೆ ಸುತ್ತು ದಾರಿ. ಸಿಗಂದೂರಿಗೆ ಹೋಗುವ ನಮಗೆ ಲಾಂಚು ಮೋಜು. ತುಮರಿ, ಕರೂರು, ಬಾರಂಗಿ ಕಡೆಯ ಬಾಣಂತಿಗೆ, ಹಾವು ಕಚ್ಚಿದವನಿಗೆ ಅದು ಮೋಜಾಗಿರಲಿಲ್ಲ. ನಾಡಿಗೆ ದೀಪ ಕೊಟ್ಟ ಜನ ಒಂದು ಸೇತುವೆಗೆ ಆರು ದಶಕ ಕಾದರು. "ಲಾಂಚ್ ಇದ್ದಾಗಲೇ ಚೆನ್ನಾಗಿತ್ತು" ಅನ್ನುವ ಪ್ರವಾಸಿಗರ ಮಾತು ಬಸ್ಸಿನಲ್ಲಿ ಕಿವಿಗೆ ಬಿತ್ತು. ತಡೆದುಕೊಂಡು ಸುಮ್ಮನೆ ಕೂತೆ. 'ದ್ವೀಪ'ದ ಐವತ್ತು ಪುಟ ಓದಿಕೊಂಡು ಬಂದವರು ಆ ಮಾತು ಆಡಲಾರರು.

ಚಿತ್ತೆ ಮಳೆಯ ಹೊತ್ತಿಗೆ ಹಿನ್ನೀರು ದಡದ ತನಕ ಇರುತ್ತದೆ. ಹಳೆಯ ಮಡೆನೂರು ಅಣೆಕಟ್ಟು, ಅಂದರೆ ಲಿಂಗನಮಕ್ಕಿಗಿಂತ ಮೊದಲಿದ್ದ ಹಿರೇಭಾಸ್ಕರ, ನೀರು ತೀರಾ ಇಳಿದ ಬೇಸಿಗೆಯಲ್ಲಷ್ಟೇ ತಲೆಯೆತ್ತುತ್ತದೆ. ಅದನ್ನು ನೋಡಲು ಬೇಸಿಗೆಯಲ್ಲಿ ಬನ್ನಿ ಅನ್ನುವವರಿದ್ದಾರೆ. ಕಾದಂಬರಿಗಾಗಿ ಹೋಗುವುದಾದರೆ ನೀರು ತುಂಬಿರುವಾಗಲೇ ಹೋಗಬೇಕು. ಅಲ್ಲಲ್ಲಿ ನಡುಗಡ್ಡೆಯಾಗಿ ಉಳಿದಿರುವ ಗುಡ್ಡದ ನೆತ್ತಿಗಳನ್ನು ಎಣಿಸುತ್ತಾ, ಪ್ರತಿಯೊಂದರ ಬುಡದಲ್ಲೂ ತೋಟ, ಹಿತ್ತಲು, ಬಾವಿ ಇದ್ದಿರಬೇಕು ಅಂತ ಲೆಕ್ಕ ಹಾಕಬೇಕು. ನೋಟ ಬಹಳ ಸುಂದರವಾಗಿದೆ. ಆ ಸೌಂದರ್ಯವೇ ನನಗೆ ಕಿರಿಕಿರಿ ಮಾಡಿತು. ಉಳಿದ ಅರ್ಧವನ್ನು ಸಾಗರದಿಂದ ಮನೆಗೆ ಬರುವ ಬಸ್ಸಿನಲ್ಲಿ ಓದಿ ಮುಗಿಸಿದೆ, ಈ ದಾರಿಯಲ್ಲಿ ಸರ್ಕಾರಿ ಬಸ್ಸು ಸಿಕ್ಕಿ ಟಿಕೆಟ್ಟೂ ಉಚಿತವಾಯಿತು.

ಸ್ವಾತಿ ಮಳೆ ದೀಪಾವಳಿಯ ಗಡಿಬಿಡಿಯಲ್ಲಿ ಹೋಯಿತು. ಮನೆ ತುಂಬ ನೆಂಟರು, ಓದಿದ್ದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಷ್ಟಿಷ್ಟು. ಆ ಅಷ್ಟಿಷ್ಟರಲ್ಲೇ ತ.ರಾ.ಸು. ಅವರ 'ದುರ್ಗಾಸ್ತಮಾನ' ಶುರುವಾಗಿತ್ತು. ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಇದರ ವಿಚಿತ್ರವೆಂದರೆ ಕೊನೆ ಏನೆಂದು ಪುಸ್ತಕ ಕೊಳ್ಳುವ ಮೊದಲೇ ಗೊತ್ತು: 1779ರಲ್ಲಿ ದುರ್ಗ ಹೈದರಾಲಿಯ ಕೈ ಸೇರಿತು, ಮದಕರಿ ನಾಯಕ ಸೆರೆಯಾದ. ಗೊತ್ತಿದ್ದೂ ಓದಿಸುತ್ತದೆ.

ವಿಶಾಖದ ಒಂದು ಶನಿವಾರ ಅಕ್ಕನ ಮಗಳನ್ನೂ ಎಬ್ಬಿಸಿಕೊಂಡು ಚನ್ನಗಿರಿ, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋದೆ. ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮಲೆನಾಡು ಮುಗಿದು ಬಯಲು ತೆರೆದುಕೊಳ್ಳುವುದನ್ನು ಕಿಟಕಿಯಲ್ಲೇ ನೋಡಬಹುದು. ಅಡಿಕೆ ತೆಳುವಾಗುತ್ತಾ ಮೆಕ್ಕೆಜೋಳ ಶುರುವಾಗುತ್ತದೆ. ಕೋಟೆಯಲ್ಲಿ ಜನವೆಲ್ಲ ಓಬವ್ವನ ಕಿಂಡಿಯ ಮುಂದೆ ಸಾಲು ನಿಂತಿದ್ದರು. ನಾವು ನೀರು ನೋಡಲು ಹೋದೆವು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆಹೊಂಡದ ಕಡೆಗೆ; ಬಂಡೆ ಮೇಲೆ ಬಿದ್ದ ಮಳೆ ಒಂದು ಹನಿಯೂ ಪೋಲಾಗದ ಹಾಗೆ ಇಳಿಯುವ ಏರ್ಪಾಡು ಅದು. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ, ಏಳು ಸುತ್ತಿನ ಕೋಟೆಯ ಒಳಗೆ, ಹೊಂಡ ತುಂಬಿರುವುದನ್ನು ಕಣ್ಣಾರೆ ಕಂಡ ಮೇಲೆ ಮುತ್ತಿಗೆಯ ಅಧ್ಯಾಯಗಳಿಗೆ ಬೇರೆಯೇ ಬಿಗಿ ಬರುತ್ತದೆ. ಕಲ್ಲು ಎಷ್ಟು ಗಟ್ಟಿಯಾಗಿದ್ದರೂ ನೀರಿಲ್ಲದ ಕೋಟೆ ವಾರವೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಹೋದರೆ ಇದು ತಿಳಿಯುವುದಿಲ್ಲ, ಕಾಣುವುದು ಕಾದ ಬಂಡೆ ಮಾತ್ರ. ಒಂದು ಮಾತು: ಚೀಲದಲ್ಲಿ ತಿಂಡಿ ಇದ್ದರೆ ಕೋತಿಗಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ.

ನನ್ನ ಅರ್ಧ ಓದಿನ ಕಟ್ಟಳೆಯನ್ನು ಅಕ್ಕನ ಮಗಳು ಒಪ್ಪಲಿಲ್ಲ. "ಚಿಕ್ಕಮ್ಮ, ಮುಗಿಸದೆ ಬಂದರೆ ನನಗೆ ಕೋಟೆ ಕಾಣೋದೇ ಇಲ್ಲ, ಮುಂದೇನಾಯ್ತು ಅನ್ನೋದೇ ತಲೇಲಿ ಓಡ್ತಿರುತ್ತೆ" ಅಂದಳು. ಅವಳು ಬರುವ ಹಿಂದಿನ ರಾತ್ರಿ ಕೂತು ಮುಗಿಸಿದ್ದಳಂತೆ, ದಾರಿಯುದ್ದಕ್ಕೂ ಬಾಯಿ ಬಿಡದೆ ನನ್ನ ಓದು ಕೆಡಿಸದೆ ಕೂತಿದ್ದಕ್ಕೆ ಮೆಚ್ಚಬೇಕು. ಈಗ ಕಾರಂತರ ಕೋಟದ ಕಡೆ ಹೋಗೋಣ ಅನ್ನುತ್ತಿದ್ದಾಳೆ. ಘಟ್ಟ ಇಳಿದು ಅದೇ ದಿನ ಹತ್ತಿ ಬರುವುದು ನನಗೆ ಆಗದ ಮಾತು. ಒಂದು ರಾತ್ರಿ ಅಲ್ಲೇ ಉಳಿಯುವುದಾದರೆ ಬರುತ್ತೇನೆ ಅಂದಿದ್ದೇನೆ.