ಶಾಲೆ ಕೊಟ್ಟ ಕ್ರೋಮ್‌ಬುಕ್ ಮತ್ತು ನಮ್ಮ ಮನೆ

ನವೆಂಬರಿನ ಒಂದು ರಾತ್ರಿ ನೀರು ಕುಡಿಯೋಕೆ ಎದ್ದೆ. ಮಗನ ರೂಮಿನ ಬಾಗಿಲ ಸಂದಿಯಲ್ಲಿ ಬೆಳಕು. ಗಂಟೆ 11:40. ಒಳಗೆ ಹೋದರೆ ರಗ್ಗು ಹೊದ್ದುಕೊಂಡು, ಅದರೊಳಗೆ ಶಾಲೆಯ ಕ್ರೋಮ್‌ಬುಕ್ (ಗೂಗಲ್‌ನ ವ್ಯವಸ್ಥೆಯಲ್ಲಿ ನಡೆಯುವ ಲ್ಯಾಪ್‌ಟಾಪ್) ತೆರೆದುಕೊಂಡು ಕೂತಿದ್ದಾನೆ. "ಅಮ್ಮ, ಸೈನ್ಸ್ ಪ್ರಾಜೆಕ್ಟ್" ಅಂದ. ಸ್ಕ್ರೀನಿನ ಮೇಲೆ ಇದ್ದದ್ದು ಗೂಗಲ್ ಡಾಕ್ಸೇ, ಹಲವರು ಒಂದೇ ಫೈಲಿನಲ್ಲಿ ಒಟ್ಟಿಗೆ ಬರೆಯುವಂಥದ್ದು. "ಸೈನ್ಸ್ ಗ್ರೂಪ್ 4" ಅಂತ ಹೆಸರೂ ಇತ್ತು. ಸ್ವಲ್ಪ ಕೆಳಗೆ ಸರಿಸಿ ನೋಡಿದೆ. ಮೊದಲ ಅರ್ಧ ಪುಟ ಜ್ವಾಲಾಮುಖಿ. ಆಮೇಲೆ 38 ಪುಟ ಬರೀ ಹರಟೆ. ಒಬ್ಬೊಬ್ಬರದು ಒಂದೊಂದು ಬಣ್ಣ. ಒಬ್ಬ ಹಸಿರು, ಒಬ್ಬಳು ನೇರಳೆ, ನಮ್ಮವನು ಕಿತ್ತಳೆ. ಯಾರು ಯಾರ ಹತ್ತಿರ ಮಾತು ಬಿಟ್ಟರು, ನಾಳೆ ಬಸ್ಸಿನಲ್ಲಿ ಯಾರ ಪಕ್ಕ ಯಾರು ಅನ್ನುವ ಮಾತುಗಳು. ನಾನು ನೋಡುತ್ತಿದ್ದ ಹಾಗೇ ಹಸಿರು ಅಕ್ಷರದಲ್ಲಿ ಇನ್ನೊಂದು ಸಾಲು ಬಂತು: "ಎಲ್ಲಿ ಹೋದೆ?"

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ 11 ವರ್ಷ, 6ನೇ ಕ್ಲಾಸು. ಸೆಪ್ಟೆಂಬರಿನಲ್ಲಿ ಶಾಲೆಯವರು ಎಲ್ಲ ಮಕ್ಕಳಿಗೂ ಒಂದೊಂದು ಕ್ರೋಮ್‌ಬುಕ್ ಕೊಟ್ಟು ಮನೆಗೆ ಕಳಿಸಿದ್ದರು. ನಿಯಮಗಳ ಪತ್ರಕ್ಕೆ ನಾನೇ ಸಹಿ ಹಾಕಿದ್ದೆ. ಶಾಲೆಯದಲ್ವಾ, ಫಿಲ್ಟರ್ ಎಲ್ಲ ಅವರೇ ಹಾಕಿರುತ್ತಾರೆ ಅಂತ ನಿಶ್ಚಿಂತೆಯಾಗಿದ್ದೆ.

ಮಾರನೇ ದಿನ ಮಾಡಿದ ಮೊದಲ ಕೆಲಸ, ಮನೆಯ ಟ್ಯಾಬ್ಲೆಟ್ಟಿಗೆ ಹಾಕಿದ್ದ ಫ್ಯಾಮಿಲಿ ಲಿಂಕನ್ನು (ಮಕ್ಕಳ ಬಳಕೆಗೆ ಪೋಷಕರು ಮಿತಿ ಹಾಕುವ ಗೂಗಲ್ ಆಪ್) ಇದಕ್ಕೂ ಹಾಕೋಣ ಅಂತ ಕೂತದ್ದು. ಎರಡು ಸಂಜೆ ಹೋಯಿತು, ಆಗಲಿಲ್ಲ. ಆಗುವುದೂ ಇಲ್ಲ. ಶಾಲೆ ಕೊಟ್ಟ ಕ್ರೋಮ್‌ಬುಕ್ ಶಾಲೆಯ ಹೆಸರಿನಲ್ಲೇ ದಾಖಲಾಗಿರುತ್ತದೆ. ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದರೂ ಅದು ಮತ್ತೆ ಶಾಲೆಯ ಹಿಡಿತಕ್ಕೇ ಹೋಗುತ್ತದೆ. ಅಪ್ಪ ಅಮ್ಮ ಅದರಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ. ಕೆಳಗೆ ಬಲಮೂಲೆಯಲ್ಲಿ ಗಡಿಯಾರದ ಮೇಲೆ ಒತ್ತಿದರೆ, ಇದು ಶಾಲೆಯ ನಿರ್ವಹಣೆಯಲ್ಲಿದೆ ಅನ್ನುವ ಸಾಲು ಕಾಣುತ್ತದೆ. ಅದನ್ನು ಒತ್ತಿ ನೋಡಿ. ಶಾಲೆಯವರು ಏನೇನು ನೋಡಬಹುದು, ಯಾವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಹಾಕಿದ್ದಾರೆ ಅನ್ನುವ ಪಟ್ಟಿ ಅಲ್ಲೇ ಇರುತ್ತದೆ. ಅದನ್ನು ನಾನು ಮಗನ ಜೊತೆ ಕೂತು ಓದಿದೆ. ಅವನಿಗೂ ಅದು ಹೊಸದೇ.

ಸಹಿ ಹಾಕಿದ್ದ ಪತ್ರವನ್ನೂ ಆಮೇಲೆ ಪೂರ್ತಿ ಓದಿದೆ. ಇಲ್ಲಿ 2000ದಲ್ಲಿ ಬಂದ ಒಂದು ಕಾಯ್ದೆ ಇದೆ, ಮಕ್ಕಳ ಇಂಟರ್ನೆಟ್ ರಕ್ಷಣೆಯದು. ಎಲ್ಲರೂ ಸಿಪಾ ಅನ್ನುತ್ತಾರೆ. ಇ-ರೇಟ್ ಅನ್ನುವ ಸರ್ಕಾರಿ ಯೋಜನೆಯಲ್ಲಿ ಇಂಟರ್ನೆಟ್ಟಿಗೆ ರಿಯಾಯಿತಿ ಪಡೆಯುವ ಶಾಲೆಗಳು ಅಶ್ಲೀಲ ಚಿತ್ರಗಳನ್ನು ತಡೆಯುವ ಫಿಲ್ಟರ್ ಹಾಕಲೇಬೇಕು, ಮಕ್ಕಳ ಆನ್‌ಲೈನ್ ಚಟುವಟಿಕೆ ಗಮನಿಸಲೇಬೇಕು ಅನ್ನುತ್ತದೆ ಅದು. ನಮ್ಮ ಹುಡುಗ ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು ಅನ್ನುವುದು ಅದರ ಕೆಲಸವಲ್ಲ. ಬರೀ ಸೈಟು ತಡೆಯುವ ಫಿಲ್ಟರಿಗೆ ಕಾಣುವುದು ಗೂಗಲ್ ಡಾಕ್ಸ್ ತೆರೆದಿದೆ ಅಂತ ಅಷ್ಟೇ. ಆಟದ ಕಥೆಯೂ ಹಾಗೇ. ಎಷ್ಟೋ ಆಟಗಳನ್ನು ಯಾರೋ ಗೂಗಲ್ ಸೈಟ್ಸ್‌ನಲ್ಲೇ (ಯಾರು ಬೇಕಾದರೂ ವೆಬ್‌ಪುಟ ಮಾಡಬಹುದಾದ ಜಾಗ) ಹಾಕಿರುತ್ತಾರೆ. ಪಾಠಕ್ಕೂ ಅದೇ ವಿಳಾಸ ಬೇಕು, ಹಾಗಾಗಿ ಶಾಲೆ ಅದನ್ನು ಪೂರ್ತಿ ಮುಚ್ಚುವುದಕ್ಕೆ ಆಗುವುದಿಲ್ಲ. ಒಂದು ಮುಚ್ಚಿದರೆ ಮಕ್ಕಳು ಮಾರನೇ ದಿನ ಇನ್ನೊಂದು ಹುಡುಕಿರುತ್ತಾರೆ.

ಶಾಲೆಯ ಕಂಪ್ಯೂಟರ್ ವಿಭಾಗಕ್ಕೆ ಒಂದು ಇಮೇಲ್ ಬರೆದೆ. ದೂರು ಬರೆಯಲಿಲ್ಲ, ಪ್ರಶ್ನೆ ಕೇಳಿದೆ. ಯಾವ ಫಿಲ್ಟರ್ ಹಾಕಿದ್ದೀರಿ? ಪೋಷಕರಿಗೆ ನೋಡುವ ವ್ಯವಸ್ಥೆ ಇದೆಯಾ? ಶಾಲೆ ಬಿಟ್ಟ ಮೇಲೆ ನಾವು ಇಂಟರ್ನೆಟ್ ನಿಲ್ಲಿಸಬಹುದಾ? ಈ ಮಾಹಿತಿ ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಮೂರನೇ ದಿನ ಉತ್ತರ ಬಂತು. ಪೋಷಕರ ಖಾತೆ ಇದೆ, ಕೇಳಿದವರಿಗೆ ತೆರೆದುಕೊಡುತ್ತೇವೆ ಅಂದರು. ಇಲ್ಲಿನ ಶಾಲೆಗಳ ಫಿಲ್ಟರುಗಳಲ್ಲಿ ಗೋಗಾರ್ಡಿಯನ್, ಸೆಕ್ಯೂರ್ಲಿ, ಲೈಟ್‌ಸ್ಪೀಡ್ ಹೆಸರು ಜಾಸ್ತಿ ಕೇಳಿಬರುತ್ತದೆ. ಇವುಗಳಲ್ಲೆಲ್ಲ ಪೋಷಕರಿಗೆ ಒಂದು ಕಿಟಕಿ ಇದೆ, ಆದರೆ ಅದನ್ನು ತೆರೆಯುವುದು ಶಾಲೆಯ ಕೈಯಲ್ಲಿ. ಕೇಳದೆ ಇದ್ದರೆ ಅದು ಇರುವುದೇ ಗೊತ್ತಾಗುವುದಿಲ್ಲ. ಈ ಬರಹ ಓದಿ ಯಾರಾದರೂ ಒಂದೇ ಒಂದು ಕೆಲಸ ಮಾಡುವುದಾದರೆ, ಆ ಇಮೇಲ್ ಬರೆಯಿರಿ ಅನ್ನುತ್ತೇನೆ.

ಆ ಪೋಷಕರ ಖಾತೆಗೆ ವಾರಕ್ಕೊಂದು ವರದಿ ಬರತೊಡಗಿತು. ಅದನ್ನು ಓದುವುದನ್ನೂ ಕಲಿಯಬೇಕು. ಒಂದು ಸೈಟಿಗೆ 200 ಸಲ ಹೋಗಿದ್ದಾನೆ ಅಂತ ಬಂದರೆ ಅಷ್ಟು ಹೊತ್ತು ಅಲ್ಲೇ ಕೂತಿದ್ದ ಅಂತಲ್ಲ. ಪುಟ ತಾನಾಗಿ ತಾಜಾ ಆದರೂ ಲೆಕ್ಕ ಏರುತ್ತದೆ. ಡಾಕ್ಸ್‌ನ ಒಳಗೆ ಏನಿದೆ ಅನ್ನುವುದು ನಮ್ಮ ವರದಿಯಲ್ಲಿ ಬರುವುದೇ ಇಲ್ಲ. ಅದನ್ನು ನೋಡಬೇಕಾದರೆ ಫೈಲ್ ತೆರೆದು ವರ್ಷನ್ ಹಿಸ್ಟರಿಗೆ ಹೋಗಬೇಕು. ಯಾರು ಎಷ್ಟು ಗಂಟೆಗೆ ಏನು ಬರೆದರು, ಏನು ಅಳಿಸಿದರು ಅಂತ ಅಲ್ಲಿ ಕಾಣುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವನು ಮಗನೇ.

ರೂಟರಿನಲ್ಲೂ ಎರಡು ಬದಲಾವಣೆ ಮಾಡಿದೆ. ಡಿಎನ್‌ಎಸ್ ಅನ್ನು (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕ್ಲೌಡ್‌ಫ್ಲೇರ್ ಕಂಪನಿಯ 1.1.1.3ಕ್ಕೆ ಬದಲಾಯಿಸಿದೆ. ಅದು ಉಚಿತ, ವಯಸ್ಕರ ಸೈಟುಗಳನ್ನು ತಡೆಯುತ್ತದೆ, ಮನೆಯ ಟ್ಯಾಬ್ಲೆಟ್ಟಿಗೂ ಆಯಿತು. ಆಮೇಲೆ ಕ್ರೋಮ್‌ಬುಕ್ಕಿಗೆ ರಾತ್ರಿ 9:30ರಿಂದ ಬೆಳಿಗ್ಗೆ 6ರ ತನಕ ವೈಫೈ ಇಲ್ಲ ಅಂತ ಮಾಡಿದೆ. ಆದರೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಚಾರ್ಜರ್. ಅದನ್ನು ಅವನ ರೂಮಿನಿಂದ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸಿ ಪಕ್ಕ ಇಟ್ಟೆ. ರಾತ್ರಿ ಕ್ರೋಮ್‌ಬುಕ್ ಮಲಗುವುದು ಅಲ್ಲೇ.

ಜನವರಿಯಲ್ಲಿ ಒಂದು ವರದಿ ತೆರೆದಾಗ ಎದೆ ಝಲ್ ಅಂತು. ಮೈಸೂರಿನಲ್ಲಿ ನಮ್ಮಪ್ಪನಿಗೆ ಪ್ರಾಸ್ಟೇಟ್ ಆಪರೇಷನ್ ಇತ್ತು. ಅದರ ಬಗ್ಗೆ ನಾನು ರಾತ್ರಿ ಹುಡುಕಿದ್ದೆಲ್ಲ ಸಾಲಾಗಿ ಮಗನ ವರದಿಯಲ್ಲಿ ಇತ್ತು. ನಾನು ಕ್ರೋಮ್‌ಬುಕ್ ಮುಟ್ಟಿಯೇ ಇರಲಿಲ್ಲ, ಹುಡುಕಿದ್ದು ಮನೆಯ ಲ್ಯಾಪ್‌ಟಾಪಿನಲ್ಲಿ. ಆಮೇಲೆ ಅರ್ಥವಾಯಿತು. ಅವನು ಯಾವತ್ತೋ ಹೋಮ್‌ವರ್ಕಿಗೆ ಅದರ ಕ್ರೋಮ್ ಬ್ರೌಸರಿನಲ್ಲಿ ಶಾಲೆಯ ಖಾತೆಯಿಂದ ಲಾಗಿನ್ ಆಗಿ ಹಾಗೇ ಬಿಟ್ಟಿದ್ದ. ಖಾತೆಯ ಹಿಂದೆಯೇ ಶಾಲೆಯ ಎಕ್ಸ್‌ಟೆನ್ಶನ್ ಕೂಡ ನಮ್ಮ ಸ್ವಂತ ಲ್ಯಾಪ್‌ಟಾಪಿಗೆ ಬಂದು ಕೂತಿತ್ತು. ಆ ಪ್ರೊಫೈಲಿನಲ್ಲಿ ಯಾರು ಏನು ತೆರೆದರೂ ಅದು ಅವನ ಲೆಕ್ಕಕ್ಕೆ. ಅಪ್ಪನ ಕಾಯಿಲೆ ಊರಿನ ಚಿಕ್ಕಪ್ಪಂದಿರಿಗೇ ಇನ್ನೂ ಹೇಳಿರಲಿಲ್ಲ. ಅದು ಇಲ್ಲಿ ಯಾರ ಕಣ್ಣಿಗೆ ಬಿತ್ತೋ ಅಂತ ಎರಡು ದಿನ ಸಂಕಟವಾಯಿತು. ಆ ಪ್ರೊಫೈಲನ್ನು ಅಳಿಸಿದೆ. ಶಾಲೆಯ ಖಾತೆ ಶಾಲೆಯ ಯಂತ್ರದಲ್ಲಿ ಮಾತ್ರ ಅಂತ ಆಯಿತು.

ಶಾಲೆಯ ಕಣ್ಣು ಮನೆಯೊಳಗೆ ಬಂದ ಹಳೆಯ ಸುದ್ದಿಯೊಂದನ್ನೂ ಓದಿದೆ. 2010ರಲ್ಲಿ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಲೋವರ್ ಮೆರಿಯನ್ ಶಾಲಾ ಜಿಲ್ಲೆಯ ಮೇಲೆ ಕೇಸಾಗಿತ್ತು. ಕಳೆದುಹೋದ ಲ್ಯಾಪ್‌ಟಾಪ್ ಹುಡುಕಲು ಇಟ್ಟಿದ್ದ ವ್ಯವಸ್ಥೆಯಿಂದ ಕ್ಯಾಮೆರಾ ತೆರೆದು, ಮಕ್ಕಳು ಮನೆಯಲ್ಲಿದ್ದಾಗಲೂ ಫೋಟೋ ತೆಗೆದದ್ದು ಹೊರಬಂತು. ಅದೇ ವರ್ಷ 6,10,000 ಡಾಲರಿಗೆ ರಾಜಿಯಾಯಿತು. ಇದನ್ನು ಓದಿದ ಸಂಜೆ ನನ್ನದೇ ಒಂದು ಕಪ್ಪು ಸ್ಟಿಕರ್ ಬೊಟ್ಟು ತೆಗೆದು ಕ್ರೋಮ್‌ಬುಕ್ಕಿನ ಕ್ಯಾಮೆರಾ ಮೇಲೆ ಅಂಟಿಸಿದೆ. ಕ್ಲಾಸಿಗೆ ಬೇಕಾದಾಗ ತೆಗೆದು ಪಕ್ಕಕ್ಕೆ ಹಚ್ಚಿಕೊಳ್ಳುತ್ತಾನೆ.

ನನ್ನ ಹುಡುಕಾಟ ಬೇರೆಯವರ ಕೈಗೆ ಸಿಕ್ಕಾಗ ನನಗೆ ಹೇಗಾಯಿತೋ, ಅವನ ವರದಿಯನ್ನು ಅವನಿಲ್ಲದಾಗ ಓದಿದರೆ ಅವನಿಗೂ ಹಾಗೇ ಅಲ್ವಾ? ಅವತ್ತಿನಿಂದ ಭಾನುವಾರ ದೋಸೆ ತಿಂದಾದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಓದುತ್ತೇವೆ. ಹತ್ತು ನಿಮಿಷ ಸಾಕು. ಅವನ ಮುಂದೆ ಬಿಟ್ಟು ಬೇರೆಲ್ಲೂ ನಾನು ಅದನ್ನು ತೆರೆಯುವುದಿಲ್ಲ.

ಫೆಬ್ರವರಿಯ ಒಂದು ಭಾನುವಾರ ಆಟಗಳ ಪಟ್ಟಿಯ ಮಧ್ಯೆ ಒಂದು ಸಾಲು ಕಂಡಿತು. ಸಂಜೆ 7 ಗಂಟೆಗೆ ಅವನು ಗೂಗಲ್‌ನಲ್ಲಿ ಕೇಳಿದ್ದ ಪ್ರಶ್ನೆ: ಫ್ರೆಂಡ್ಸ್ ಯಾಕೆ ಮಾತಾಡಿಸುವುದು ಬಿಡುತ್ತಾರೆ? ಇಬ್ಬರೂ ಓದಿದೆವು. ನಾನು ಏನೂ ಕೇಳದೆ ಮುಂದಿನ ಸಾಲಿಗೆ ಹೋದೆ. ಮಧ್ಯಾಹ್ನ ಬಟ್ಟೆ ಮಡಿಸುವಾಗ ಅವನೇ ಪಕ್ಕ ಬಂದು ಕೂತ. "ಅವರೆಲ್ಲ 9:30 ಆದ್ಮೇಲೇನೇ ಅಮ್ಮ ಮಾತಾಡೋದು. ಬೆಳಿಗ್ಗೆ ಬಸ್ಸಲ್ಲಿ ನಂಗೇನೂ ಗೊತ್ತಿರಲ್ಲ" ಅಂದ. ನಾನು ನಿಲ್ಲಿಸಿದ್ದು ಬರೀ ವೈಫೈ ಆಗಿರಲಿಲ್ಲ.

ಅವತ್ತೇ ಹಸಿರು ಅಕ್ಷರದ ಹುಡುಗನ ತಾಯಿಗೆ ಫೋನ್ ಮಾಡಿದೆ. ಡಾಕ್ಸ್‌ನಲ್ಲಿ ಹರಟೆ ನಡೆಯುತ್ತದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಒಂದು ಗಂಟೆ ಮಾತಾಡಿದೆವು, ಪೋಷಕರ ಖಾತೆ ಹೇಗೆ ಕೇಳಬೇಕು ಅಂತಲೂ ಹೇಳಿದೆ. ಈಗ ಅವರ ಮನೆಯಲ್ಲೂ 9:30. ನೇರಳೆ ಅಕ್ಷರದ ಹುಡುಗಿಯ ಮನೆಯವರು ಒಪ್ಪಲಿಲ್ಲ, ಅದು ಅವರಿಷ್ಟ. ಶಾಲೆಯಿಂದ ಬಂದ ಮೇಲೆ 5ರಿಂದ 5:45ರ ತನಕ ಆ ಮೂವರೂ ಮನೆಯ ಟ್ಯಾಬ್ಲೆಟ್ಟಿನಲ್ಲಿ ವಿಡಿಯೊ ಕಾಲ್ ಮಾಡಿಕೊಂಡು, ಜೋರಾಗಿ ನಗುತ್ತಾ ಹೋಮ್‌ವರ್ಕ್ ಮಾಡುತ್ತಾರೆ. ನಾನು ಅಲ್ಲೇ ತರಕಾರಿ ಹೆಚ್ಚುತ್ತಾ ಇರುತ್ತೇನೆ. ಅದಕ್ಕೆ ಯಾವ ವರದಿಯೂ ಬರುವುದಿಲ್ಲ.