‘ಪರವಾಗಿಲ್ಲ, ಆದ್ರೆ...’: ಬರ್ಗರ್ ಅಂಗಡಿಯವರು ಗಿರಾಕಿಗಳ ಅಭಿಪ್ರಾಯ ಓದುವ ಬಗೆ

ಮೊದಲು ನಕ್ಷತ್ರ ಎಣಿಸುವುದನ್ನು ಬಿಡಿ. 4.1 ಇದ್ದದ್ದು 3.9ಕ್ಕೆ ಇಳಿಯಿತು ಅಂತ ಗೊತ್ತಾದರೆ ನಿದ್ದೆ ಕೆಡುತ್ತದೆಯೇ ಹೊರತು, ಅಡುಗೆಮನೆಯಲ್ಲಿ ಏನು ಸರಿಮಾಡಬೇಕು ಅನ್ನುವುದು ತಿಳಿಯುವುದಿಲ್ಲ. ಕೆಲಸಕ್ಕೆ ಬರುವುದು ಬರೆದ ಮಾತು, ಅದರಲ್ಲೂ ಮೂರು ನಕ್ಷತ್ರ ಕೊಟ್ಟವರದು. ಐದು ಕೊಟ್ಟವರು ‘ಸಖತ್’ ಎಂದಷ್ಟೇ ಬರೆದು ಹೋಗಿರುತ್ತಾರೆ. ಒಂದು ಕೊಟ್ಟವರು ಸಿಟ್ಟಿನಲ್ಲಿ ಫ್ಯಾನಿನಿಂದ ಹಿಡಿದು ಪಾರ್ಕಿಂಗ್‌ವರೆಗೆ ಎಲ್ಲವನ್ನೂ ಬೈದಿರುತ್ತಾರೆ. ‘ಪರವಾಗಿಲ್ಲ, ಆದ್ರೆ’ ಎಂದವರ ಅಸಲಿ ದೂರು ಆ ‘ಆದ್ರೆ’ ಆದಮೇಲೆ ಸಿಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಐದು ಕಲಂ ಹಾಕಿ: ತಿಂದ ದಿನ ಮತ್ತು ಹೊತ್ತು, ಅಲ್ಲೇ ತಿಂದದ್ದೋ ಪಾರ್ಸಲ್ಲೋ, ಯಾವ ಬರ್ಗರ್, ಗಿರಾಕಿ ಬಳಸಿದ ಪದ, ಆಗ ತವಾ ಮುಂದೆ ಯಾರಿದ್ದರು. ಪದವನ್ನು ತಿದ್ದಬೇಡಿ, ‘ಹಸಿಹಸಿ’ ಎಂದಿದ್ದರೆ ‘ಹಸಿಹಸಿ’ ಎಂದೇ ಬರೆಯಿರಿ. ಸ್ವಿಗ್ಗಿ, ಜೊಮ್ಯಾಟೊ ಆರ್ಡರ್ ಆದರೆ ಹೊತ್ತು ಗೊತ್ತಾಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಮಾತ್ರ ತಿಂದ ವಾರದ ಮೇಲೆ ಬರೆಯುವವರೂ ಇರುತ್ತಾರೆ, ಆ ತಾರೀಖು ನಂಬಬೇಡಿ. ಒಂದೇ ಪದ ತಿಂಗಳಲ್ಲಿ ಮೂರು ಸಲ ಬಂದರೆ ಅದನ್ನು ಕೈಗೆತ್ತಿಕೊಳ್ಳಿ. ಪಾರ್ಸಲ್‌ನಲ್ಲಿ ಮಾತ್ರ ಬರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಪ್ಯಾಕಿಂಗ್‌ನದು. ಎರಡರಲ್ಲೂ ಬಂದರೆ ಅಡುಗೆಮನೆಯದು. ಶನಿವಾರ ರಾತ್ರಿ ಮಾತ್ರ ಬಂದರೆ ತವಾ ತುಂಬಿ ಹೋಗಿದೆ ಎಂದೇ ಲೆಕ್ಕ.

ಅತಿ ಹೆಚ್ಚು ಬರುವ ದೂರನ್ನೇ ಹಿಡಿದು ನೋಡೋಣ: ‘ಟೇಸ್ಟ್ ಚೆನ್ನಾಗಿತ್ತು, ಆದ್ರೆ ಬನ್ ನೆಂದು ಕೈಗೆ ಬಂತು.’ ಇಲ್ಲಿ ಬೇಕರಿಯವನಿಗೆ ಫೋನ್ ಮಾಡುವ ಮುಂಚೆ ನೀರು ಎಲ್ಲಿಂದ ಬಂತು ಹುಡುಕಿ. ತೊಳೆದ ಲೆಟ್ಯೂಸ್ ಸೋಸಿ ಬಟ್ಟೆಯಲ್ಲಿ ಒರೆಸದಿದ್ದರೆ ಎಲೆಯ ಮಡಿಕೆಯಲ್ಲಿ ನೀರು ನಿಂತಿರುತ್ತದೆ. ಟೊಮೇಟೊ ಬಿಲ್ಲೆಗೆ ಮುಂಚೆಯೇ ಉಪ್ಪು ಹಾಕಿಟ್ಟರೆ ಹತ್ತು ನಿಮಿಷದಲ್ಲಿ ನೀರು ಬಿಡುತ್ತದೆ. ಪ್ಯಾಟಿಯನ್ನು ತವಾದಿಂದ ತೆಗೆದ ಕೂಡಲೇ ಬನ್ ಮೇಲೆ ಇಟ್ಟರೆ ರಸವೆಲ್ಲ ಕೆಳಗಿಳಿಯುತ್ತದೆ. ಒಂದು ನಿಮಿಷ ಜಾಲರಿಯ ಮೇಲೆ ಬಿಡಿ. ಬನ್ನಿನ ಕೊಯ್ದ ಮುಖಕ್ಕೆ ತೆಳುವಾಗಿ ಬೆಣ್ಣೆ ಸವರಿ, 180 ಡಿಗ್ರಿ ಆಸುಪಾಸಿನ ತವಾದಲ್ಲಿ 40ರಿಂದ 60 ಸೆಕೆಂಡು, ಜೇನಿನ ಬಣ್ಣ ಬರುವವರೆಗೆ ಒತ್ತಿ. ಆ ಗರಿ ಪದರವೇ ತೇವವನ್ನು ತಡೆಯುವುದು. ಕೆಳಬನ್ನಿಗೆ ಮೇಯೊ (ಮೇಯನೇಸ್) ಹಚ್ಚುವುದೂ ಇದಕ್ಕೇ, ಕೊಬ್ಬಿನೊಳಗೆ ನೀರು ಬೇಗ ಇಳಿಯುವುದಿಲ್ಲ. ಕೆಚಪ್ ಮೇಲ್ಬನ್ನಿಗಿರಲಿ.

ಇಷ್ಟಾದರೂ ಪಾರ್ಸಲ್ ಬನ್ ನೆನೆಯುತ್ತಿದ್ದರೆ ಫಾಯಿಲ್ ಕಾರಣ. ಬಿಸಿ ಬರ್ಗರನ್ನು ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿದರೆ ಹಬೆ ಒಳಗೇ ಇಳಿದು ಇಡ್ಲಿ ಬೇಯಿಸಿದಂತಾಗುತ್ತದೆ. ಬಟರ್ ಪೇಪರ್ ಸುತ್ತಿ, ತೂತಿರುವ ಬಾಕ್ಸಿನಲ್ಲಿಟ್ಟು, ಮುಚ್ಚುವ ಮುಂಚೆ ಅರ್ಧ ನಿಮಿಷ ಬಿಡಿ. ಆಮೇಲೆ ಒಂದು ಪರೀಕ್ಷೆ: ಒಂದು ಬರ್ಗರ್ ಪ್ಯಾಕ್ ಮಾಡಿ 25 ನಿಮಿಷ ಚೀಲದಲ್ಲೇ ಇಡಿ, ಬಿಚ್ಚಿ ನೀವೇ ತಿನ್ನಿ. ಗಿರಾಕಿ ತಿನ್ನುವುದು ಅದನ್ನೇ, ಕೌಂಟರಿನ ಮೇಲೆ ನೀವು ಫೋಟೊ ತೆಗೆದದ್ದನ್ನಲ್ಲ.

‘ಬನ್ ಗಟ್ಟಿ, ಪುಡಿಪುಡಿ’ ಅನ್ನುವುದು ಬೇರೆ ದೂರು. ಉಳಿದ ಬನ್ನನ್ನು ಫ್ರಿಜ್ಜಿನಲ್ಲಿಟ್ಟಿರುತ್ತೀರಿ. ಆ ತಂಪಿನಲ್ಲಿ ಬ್ರೆಡ್ಡು ಹೊರಗಿಗಿಂತ ಬೇಗ ಗಟ್ಟಿಯಾಗಿ ಪುಡಿಯಾಗುತ್ತದೆ. ಅವತ್ತಿನದು ಹೊರಗೆ, ನಾಳೆಗೆ ಬೇಕಾದ್ದು ಡೀಪ್ ಫ್ರೀಜರಿನಲ್ಲಿ.

ಪ್ಯಾಟಿಯ ವಿಷಯದಲ್ಲಿ ಗಿರಾಕಿಯ ಪದ ತುಂಬ ಸೂಕ್ಷ್ಮ. ಚಿಕನ್ ‘ಒಣಒಣ’ ಎಂದರೆ ಬರೀ ಎದೆಮಾಂಸ ಬಳಸಿದ್ದೀರಿ, ಇಲ್ಲವೇ ಸಟ್ಟುಗದಿಂದ ಒತ್ತಿ ರಸ ಹಿಂಡಿದ್ದೀರಿ. ತೊಡೆಮಾಂಸ ಅರ್ಧ ಸೇರಿಸಿ. ‘ರಬ್ಬರ್ ಹಂಗಿತ್ತು’ ಎಂದರೆ ಕೈಮಾಕ್ಕೆ ಉಪ್ಪು ಬೆರೆಸಿ ಬೆಳಗ್ಗೆಯಿಂದ ಇಟ್ಟಿದ್ದೀರಿ; ಉಪ್ಪು ಮಾಂಸವನ್ನು ಅಂಟಂಟಾಗಿ ಬಿಗಿಸುತ್ತದೆ, ಬೇಯಿಸುವ ಹೊತ್ತಿಗೆ ಮೇಲಿನಿಂದ ಉದುರಿಸಿ. ‘ಹಸಿಹಸಿ’ ಎಂದರೆ ಚರ್ಚೆ ಬೇಡ, ಚುಚ್ಚುವ ಥರ್ಮಾಮೀಟರ್ ಕೊಳ್ಳಿ: ಚಿಕನ್ ನಡುಭಾಗ 74 ಡಿಗ್ರಿ ಮುಟ್ಟಲೇಬೇಕು. ‘ಬನ್ನೇ ಜಾಸ್ತಿ’ ಎಂದರೆ ಪ್ಯಾಟಿ ಕುಗ್ಗಿದೆ. ಬನ್ನಿಗಿಂತ ಒಂದು ಸೆಂಟಿಮೀಟರ್ ಅಗಲ ತಟ್ಟಿ, ನಡುವೆ ಹೆಬ್ಬೆರಳಿನಿಂದ ಸಣ್ಣ ಗುಳಿ ಮಾಡಿ.

ಆಲೂ ಪ್ಯಾಟಿ ‘ಒಳಗೆ ಮುದ್ದೆ’ ಎಂದರೆ ಆಲೂಗಡ್ಡೆ ಹೆಚ್ಚಿ ಬೇಯಿಸಿದ್ದು, ಅಥವಾ ಮಿಕ್ಸಿಗೆ ಹಾಕಿದ್ದು. ಸಿಪ್ಪೆ ಸಮೇತ ಬೇಯಿಸಿ, ಪೂರ್ತಿ ಆರಿಸಿ, ತುರಿಯಿರಿ. ತಟ್ಟಿದ್ದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕರಿದರೆ ಎಣ್ಣೆಯಲ್ಲಿ ಒಡೆಯುವುದಿಲ್ಲ.

ಫ್ರೈಸ್ ‘ಮೆತ್ತಗೆ’ ಎಂದರೆ ಒಂದೇ ಸಲ ಕರಿದಿದ್ದೀರಿ. 150–160 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ, ಆರಿಸಿ, ಆರ್ಡರ್ ಬಂದಮೇಲೆ 180ರಲ್ಲಿ ಎರಡು ನಿಮಿಷ. ಬೇಗ ಕಪ್ಪಾದರೂ ಗರಿಗರಿ ಆಗದಿದ್ದರೆ ಅದು ಕೋಲ್ಡ್ ಸ್ಟೋರೇಜಿನ ಆಲೂ. ತಂಪಿನಲ್ಲಿ ಅದರ ಪಿಷ್ಟ ಸಕ್ಕರೆಯಾಗಿರುತ್ತದೆ. ‘ಎಣ್ಣೆ ವಾಸನೆ’ ಎಂದು ಎರಡು ಸಲ ಬಂದರೆ ಎಣ್ಣೆ ಬದಲಿಸಿ. ಟೋಟಲ್ ಪೋಲಾರ್ ಕಾಂಪೌಂಡ್ಸ್ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆಯಲ್ಲಿ ಹೆಚ್ಚುವ ಕೆಟ್ಟ ಅಂಶ) 25 ಶೇಕಡಾ ದಾಟಿದ ಎಣ್ಣೆ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ.

‘ವೆಜ್ ಬರ್ಗರಲ್ಲಿ ಚಿಕನ್ ವಾಸನೆ’ ಎಂಬ ಒಂದು ಸಾಲು ನಮ್ಮ ಕಡೆ ಹತ್ತು ಮನೆಯ ಗಿರಾಕಿಯನ್ನು ಕಳೆಯುತ್ತದೆ. ತವಾ, ಸಟ್ಟುಗ, ಕರಿಯುವ ಬಾಣಲೆ ಮೂರೂ ಬೇರೆ ಇರಲಿ. ಬನ್ನಿನ ಹೊಳಪಿಗೆ ಹಾಲು ಸವರಿದ್ದೋ ಮೊಟ್ಟೆಯೋ ಎಂದು ಬೇಕರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಹಸಿ ಮೊಟ್ಟೆಯ ಮೇಯೊ ಅಂತೂ ಬೇಡವೇ ಬೇಡ. ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ‘ಹೊಟ್ಟೆ ಕೆಟ್ಟಿತು’ ಎಂದವರ ಜೊತೆ ಸಾರ್ವಜನಿಕವಾಗಿ ವಾದಿಸಬೇಡಿ. ಆ ದಿನದ ಬ್ಯಾಚ್ ಹೇಗಿತ್ತು, ಫ್ರಿಜ್ಜು 5 ಡಿಗ್ರಿಯೊಳಗಿದೆಯೇ, ಎರಡನ್ನೂ ತಕ್ಷಣ ನೋಡಿ.

ಉತ್ತರ ಎರಡು ಸಾಲು ಸಾಕು, ನಕಲು ಮಾಡಿದ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಬೇಡ. ‘ಶನಿವಾರ ರಾತ್ರಿ ಬನ್ ಸರಿಯಾಗಿ ಟೋಸ್ಟ್ ಆಗಿರಲಿಲ್ಲ ಸರ್, ತಪ್ಪು ನಮ್ಮದೇ. ಪ್ಯಾಕಿಂಗ್ ಕೂಡ ಬದಲಿಸಿದ್ದೇವೆ’ — ಇಂಥದ್ದು ಓದುವ ಮುಂದಿನ ಗಿರಾಕಿಗೆ ನಾಟುತ್ತದೆ. ಎಲ್ಲರೂ ನೋಡುವ ಕಡೆ ಫ್ರೀ ಬರ್ಗರ್ ಕೊಡುತ್ತೇವೆ ಎನ್ನಬೇಡಿ, ಮರುದಿನದಿಂದ ದೂರಿನ ಸಾಲೇ ಬರುತ್ತದೆ. ಐದು ನಕ್ಷತ್ರಕ್ಕೆ ಫ್ರೈಸ್ ಫ್ರೀ ಎಂಬ ಬೋರ್ಡೂ ಬೇಡ. ಆಮಿಷ ಒಡ್ಡಿ ಬರೆಸಿದ ವಿಮರ್ಶೆಯನ್ನು ಗೂಗಲ್ ಒಪ್ಪುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಾರೀಖು ಬರೆದು, ನಾಲ್ಕು ವಾರ ಪುಸ್ತಕ ನೋಡಿ. ‘ನೆಂದಿದೆ’ ನಿಂತು ‘ಬನ್ ಸುಟ್ಟ ವಾಸನೆ’ ಶುರುವಾದರೆ ತವಾ ಕಾವು ಜಾಸ್ತಿಯಾಗಿದೆ, ಇಳಿಸಿ.