ನೈಟ್ ಶಿಫ್ಟ್‌ನವರೇ, ಊಟದ ಡಬ್ಬಿ ಯಾವಾಗ ತೆರೆಯಬೇಕು?

ರಾತ್ರಿ ಎರಡು ಗಂಟೆಗೆ ಹೊಟ್ಟೆ ತುಂಬ ಉಂಡರೆ ರಕ್ತದ ಸಕ್ಕರೆ ಜಾಸ್ತಿ ಏರುತ್ತದೆ, ಇಳಿಯಲೂ ಹೊತ್ತು ಹಿಡಿಯುತ್ತದೆ. ಅದೇ ಊಟವನ್ನು ಬೆಳಗ್ಗೆ ಮಾಡಿದ್ದರೆ ಅಷ್ಟು ಏರುವುದಿಲ್ಲ. ರಾತ್ರಿ ಪಾಳಿಯವರಿಗೆ ‘ಚೆನ್ನಾಗಿ ನಿದ್ದೆ ಮಾಡಿ’ ಅಂತ ಎಲ್ಲರೂ ಹೇಳುತ್ತಾರೆ. ಯಾವ ಹೊತ್ತಿಗೆ ಉಣ್ಣಬೇಕು ಅಂತ ಹೇಳುವವರು ಕಡಿಮೆ. ಅದಕ್ಕೇ ಈ ಲೇಖನ.

ಮಿದುಳಿನಲ್ಲಿ ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ಅದೇ ನಮ್ಮ ದೇಹದ ದೊಡ್ಡ ಗಡಿಯಾರ. ಕಣ್ಣಿಗೆ ಬೀಳುವ ಬೆಳಕಿನಿಂದ ಅದು ಹೊತ್ತು ತಿಳಿಯುತ್ತದೆ. ಲಿವರ್, ಮೇದೋಜೀರಕ ಗ್ರಂಥಿಗೂ ಅವುಗಳದೇ ಗಡಿಯಾರಗಳಿವೆ. ಅವು ಊಟದ ಸಮಯ ನೋಡಿ ನಡೆಯುತ್ತವೆ. ನಡುರಾತ್ರಿ ಉಂಡಾಗ ಮಿದುಳು ರಾತ್ರಿ ಅನ್ನುತ್ತದೆ, ಲಿವರ್ ಹಗಲು ಅನ್ನುತ್ತದೆ. ಸಾಲದ್ದಕ್ಕೆ, ರಾತ್ರಿ ಏರುವ ಮೆಲಟೋನಿನ್ ಹಾರ್ಮೋನು, ಸಕ್ಕರೆ ಇಳಿಸುವ ಇನ್ಸುಲಿನ್ ಬಿಡುಗಡೆಗೆ ಅಡ್ಡ ಬರುತ್ತದೆ.

ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಆಗಾಗ ರಾತ್ರಿ ಪಾಳಿ ಬರುವ ಕೆಲಸವನ್ನು 20 ವರ್ಷಕ್ಕೂ ಹೆಚ್ಚು ಮಾಡಿದವರಲ್ಲಿ ಟೈಪ್ 2 ಮಧುಮೇಹದ ಸಾಧ್ಯತೆ ಶೇ 58ರಷ್ಟು ಜಾಸ್ತಿ ಇತ್ತು. ಅದರಲ್ಲಿ ಏರಿದ ತೂಕದ ಪಾಲೂ ದೊಡ್ಡದೇ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಕೆಲಸ ಬಿಡಲು ಎಲ್ಲರಿಗೂ ಆಗುವುದಿಲ್ಲ, ಅಲ್ವಾ? ಆದರೆ ಊಟದ ಹೊತ್ತು ಬದಲಿಸಬಹುದು.

ಹೆಜ್ಜೆ 1. ಮುಖ್ಯ ಊಟವನ್ನು ಕೆಲಸಕ್ಕೆ ಹೊರಡುವ ಮೊದಲೇ ಮುಗಿಸಿ. ಸಂಜೆ ಏಳರ ಹೊತ್ತಿಗಾದರೆ ಒಳ್ಳೆಯದು. ಬೇಳೆಕಾಳು, ಮೊಟ್ಟೆಯಂಥ ಪ್ರೋಟೀನು, ತರಕಾರಿ ಚೆನ್ನಾಗಿರಲಿ. ಬೇಗ ಹಸಿವಾಗುವುದಿಲ್ಲ.

ಹೆಜ್ಜೆ 2. ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಡಬ್ಬಿ ತೆರೆಯಬೇಡಿ. ಇವುಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. 2021ರ ಪ್ರಯೋಗವೊಂದರಲ್ಲಿ 19 ಜನರನ್ನು 14 ದಿನ ಲ್ಯಾಬ್‌ನಲ್ಲೇ ಇಟ್ಟು, ರಾತ್ರಿ ಪಾಳಿಯಂತೆಯೇ ಎಚ್ಚರ ಇರಿಸಿದರು. ರಾತ್ರಿಯೂ ಉಂಡವರ ಸರಾಸರಿ ಸಕ್ಕರೆ ಶೇ 6.4ರಷ್ಟು ಏರಿತು. ಹಗಲು ಮಾತ್ರ ಉಂಡವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ನಿದ್ದೆಗೆಟ್ಟಿದ್ದು ಇಬ್ಬರದೂ ಒಂದೇ ರೀತಿ. ಬೇರೆಯಾಗಿದ್ದದ್ದು ಊಟದ ಹೊತ್ತು.

ಹೇಳಿದಷ್ಟು ಸುಲಭವಲ್ಲ, ನಿಜ. ಮೂರು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ. ಮೊದಲು ನೀರು ಕುಡಿಯಿರಿ, ಎದ್ದು ಒಂದು ಸುತ್ತು ನಡೆಯಿರಿ. ಆಗಲೂ ತಡೆಯದಿದ್ದರೆ ಒಂದು ಮೊಟ್ಟೆ ಅಥವಾ ಒಂದು ಹಿಡಿ ಬಾದಾಮಿ ಸಾಕು. ಬಿಸ್ಕತ್ತು, ಸಿಹಿ ಪಾನೀಯ ಬೇಡ. ಒಂದು ಮಾತು ಮಾತ್ರ ಮರೆಯಬೇಡಿ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಡಾಕ್ಟರನ್ನು ಕೇಳದೆ ಹೀಗೆ ಉಪವಾಸ ಇರಬೇಡಿ. ಸಕ್ಕರೆ ತೀರಾ ಇಳಿದರೆ ಅಪಾಯ.

ಹೆಜ್ಜೆ 3. ಕಾಫಿ, ಟೀ ಪಾಳಿಯ ಮೊದಲರ್ಧಕ್ಕೇ ಮುಗಿಯಲಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲೇ ಇರುತ್ತದೆ.

ಹೆಜ್ಜೆ 4. ಮನೆಗೆ ಬಂದ ಮೇಲೆ ಹಗುರವಾಗಿ ತಿಂದು ಮಲಗಿ. ದಪ್ಪ ಪರದೆ ಎಳೆಯಿರಿ, ಫೋನು ಬೇರೆ ಕೋಣೆಯಲ್ಲಿರಲಿ. ಏಳು ಗಂಟೆ ನಿದ್ದೆ ಒಂದೇ ಸಲಕ್ಕೆ ಸಿಗದಿದ್ದರೆ ಸಂಜೆ ಇನ್ನೊಂದು ಸಣ್ಣ ನಿದ್ದೆ ತೆಗೆಯಿರಿ. ಮನೆಯವರು ‘ಹಗಲೆಲ್ಲಾ ಸುಮ್ನೆ ಮಲಗಿರ್ತಾರೆ’ ಅನ್ನದೆ ಸದ್ದು ಕಡಿಮೆ ಮಾಡಿದರೆ ಅದು ದೊಡ್ಡ ಸಹಾಯ.

ರಜೆಯ ದಿನ ಏನು ಮಾಡುವುದು? ಊಟ ಮೊದಲಿನಿಂದಲೂ ಹಗಲಿನಲ್ಲೇ ಇದ್ದರೆ ಬದಲಿಸುವುದೇ ಇರುವುದಿಲ್ಲ. ಈ ಕ್ರಮದ ಒಳ್ಳೆಯ ಗುಣವೇ ಅದು.

ಹೆಜ್ಜೆ 5. ವರ್ಷಕ್ಕೊಮ್ಮೆ ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಪರೀಕ್ಷೆ ಮಾಡಿಸಿ, ಸೊಂಟದ ಸುತ್ತಳತೆ ಬರೆದಿಡಿ. ಖಾಲಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ ಇರಬೇಕು. ಆದರೆ ಪಾಳಿ ಮುಗಿಸಿ ನೇರ ಲ್ಯಾಬಿಗೆ ಹೋಗುವವರು ಒಂದು ತಪ್ಪು ಮಾಡುತ್ತಾರೆ. ನಾಲ್ಕು ಗಂಟೆಗೆ ಏನೋ ತಿಂದಿರುತ್ತಾರೆ, ಏಳಕ್ಕೆ ರಕ್ತ ಕೊಡುತ್ತಾರೆ. ಅದು ಖಾಲಿ ಹೊಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ಕನಿಷ್ಠ ಎಂಟು ಗಂಟೆ ಏನೂ ತಿಂದಿರಬಾರದು. ಅದಕ್ಕೇ ಜೊತೆಗೆ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಕೇಳಿ. ಅದು ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಆ ದಿನ ಯಾವಾಗ ಉಂಡಿರಿ ಅನ್ನುವುದು ಅಡ್ಡ ಬರುವುದಿಲ್ಲ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 5.7ರಿಂದ 6.4ರವರೆಗೆ ಎಚ್ಚರಿಕೆಯ ಗಂಟೆ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರ ಬಳಿ ಹೋಗಿ. ಹೋದಾಗ ನಿಮ್ಮದು ರಾತ್ರಿ ಪಾಳಿ ಅಂತ ಅವರಿಗೆ ಮೊದಲೇ ಹೇಳಿ. ಮಾತ್ರೆಯ ಹೊತ್ತನ್ನೂ ಅದಕ್ಕೆ ತಕ್ಕಂತೆ ಬರೆದುಕೊಡುತ್ತಾರೆ.